ಸೋಡಿಯಂ ಬ್ಯಾಟರಿ ಬರುವ ತನಕ ಕಾಯಬೇಕಾ?

ಪ್ರಶ್ನೆ (ಶಹಾಪುರ): ಸರ್, ನಮಸ್ಕಾರ. ನಮ್ಮ ಝೆರಾಕ್ಸ್ ಅಂಗಡಿಯ ಇನ್ವರ್ಟರ್ ಬ್ಯಾಟರಿ ಎರಡೇ ಬೇಸಿಗೆಗೆ ಹೋಯಿತು. ಲಿಥಿಯಂ ದುಬಾರಿ. ಸೋಡಿಯಂದು ಅಗ್ಗಕ್ಕೆ ಬರುತ್ತದೆ ಅಂತಾರೆ. ಕಾಯಲಾ, ಈಗಲೇ ತಗೊಳ್ಳಲಾ?

ಉತ್ತರ (ಬ್ಯಾಟರಿ ಎಂಜಿನಿಯರ್, ಕಲಬುರಗಿ): ಕಾಯಬೇಡಿ ಅಣ್ಣಾ. ನಿಮ್ಮದು ಸೀಸದ ಬ್ಯಾಟರಿ ಇರಬೇಕು, ಅದಕ್ಕೆ 25 ಡಿಗ್ರಿ ಹಿತ. ಅದಕ್ಕಿಂತ ಸುಮಾರು 10 ಡಿಗ್ರಿ ಏರಿದರೆ ಆಯಸ್ಸು ಅರ್ಧಕ್ಕೆ ಇಳಿಯುತ್ತದೆ. ನಮ್ಮ ಕಡೆ ಮೇ ತಿಂಗಳ ಬಿಸಿಲು ನಿಮಗೆ ಗೊತ್ತೇ ಇದೆ. ತಗಡಿನ ಕೆಳಗಿದ್ದರಂತೂ ಕೇಳಲೇಬೇಡಿ.

ಎಲ್‌ಎಫ್‌ಪಿ ಅನ್ನುವ ಬಗೆಯ ಲಿಥಿಯಂ ಬ್ಯಾಟರಿ ತಗೊಳ್ಳಿ. ಅದರಲ್ಲಿ ಲಿಥಿಯಂ ಜೊತೆ ಕಬ್ಬಿಣ, ಫಾಸ್ಫೇಟ್ ಇರುತ್ತವೆ. ಬೇರೆ ಕೆಲವು ಲಿಥಿಯಂ ಬ್ಯಾಟರಿಗಳಲ್ಲಿರುವ ಕೋಬಾಲ್ಟ್, ನಿಕ್ಕಲ್ ಲೋಹಗಳು ಇದರಲ್ಲಿಲ್ಲ. ಕೋಬಾಲ್ಟ್ ಬಹುಪಾಲು ಕಾಂಗೋ ಗಣಿಗಳದ್ದು. ಅಲ್ಲಿ ಕೆಲವು ಕಡೆ ಮಕ್ಕಳೂ ಅಗೆಯುತ್ತಾರೆ. ಅದಿಲ್ಲದೆ ಬ್ಯಾಟರಿ ಆಗುತ್ತದೆ ಅನ್ನುವುದೇ ನನಗೆ ದೊಡ್ಡ ಸಮಾಧಾನ. ನಿಮ್ಮ ಇನ್ವರ್ಟರಿನಲ್ಲಿ ಲಿಥಿಯಂ ಚಾರ್ಜಿಂಗ್ ಸೆಟ್ಟಿಂಗ್ ಇದೆಯಾ, ಮೊದಲು ನೋಡಿ. ನೆರಳಲ್ಲಿ, ಗಾಳಿ ಆಡುವ ಕಡೆ ಇಡಿ. ಬಿಸಿಗೆ ಇದೂ ಸೊರಗುತ್ತದೆ.

ಸೋಡಿಯಂ ಮೇಲೆ ನನಗೆ ತುಂಬಾ ಭರವಸೆ ಇದೆ. ಲಿಥಿಯಂ ಬ್ಯಾಟರಿಯ ನೆಗೆಟಿವ್ ಕಡೆ ತಾಮ್ರದ ಹಾಳೆಯೇ ಬೇಕು. ಅಲ್ಯೂಮಿನಿಯಂ ಹಾಕಿದರೆ ಲಿಥಿಯಂ ಅದರೊಳಗೇ ಬೆರೆತು ಹಾಳೆ ಕೆಡುತ್ತದೆ. ಸೋಡಿಯಂ ಹಾಗೆ ಬೆರೆಯುವುದಿಲ್ಲ, ಎರಡೂ ಕಡೆ ಅಗ್ಗದ ಅಲ್ಯೂಮಿನಿಯಂ ಸಾಕು. ಲಿಥಿಯಂ ಬ್ಯಾಟರಿಯ ನೆಗೆಟಿವ್ ಕಡೆ ಇರುವ ಗ್ರಾಫೈಟ್ ಜಾಗದಲ್ಲಿ ಇಲ್ಲಿ ಹಾರ್ಡ್ ಕಾರ್ಬನ್ ಅನ್ನುವ ಒಂದು ಬಗೆಯ ಇಂಗಾಲ ಬರುತ್ತದೆ. ಅದನ್ನು ತೆಂಗಿನ ಚಿಪ್ಪಿನಿಂದಲೂ ಮಾಡಬಹುದು. ಸೋಡಿಯಂ ಬ್ಯಾಟರಿಯ ತೂಕ ಜಾಸ್ತಿ, ನಿಜ. ಆದರೆ ಮೂಲೆಯಲ್ಲಿ ಕೂರುವ ಬ್ಯಾಟರಿಗೆ ತೂಕದ ಚಿಂತೆ ಯಾಕೆ? 2025ರಲ್ಲಿ ಬೆಂಗಳೂರಿನ ಜವಾಹರಲಾಲ್ ನೆಹರು ವಿಜ್ಞಾನ ಸಂಶೋಧನಾ ಕೇಂದ್ರದವರು ಆರು ನಿಮಿಷದಲ್ಲಿ 80% ಚಾರ್ಜ್ ಆಗುವ ಸೋಡಿಯಂ ಬ್ಯಾಟರಿ ಮಾಡಿದ್ದಾಗಿ ಹೇಳಿದರು. ಪ್ರಯೋಗಾಲಯದಿಂದ ಅಂಗಡಿಗೆ ಬರಲು ಟೈಮ್ ಬೇಕು. ನಿಮಗೆ ಕರೆಂಟ್ ಈ ಬೇಸಿಗೆಗೇ ಬೇಕಲ್ವಾ?

ಪ್ರಶ್ನೆ (ಯಾದಗಿರಿ): ನಮ್ಮ ಜಿಲ್ಲೆಯಲ್ಲೇ ಲಿಥಿಯಂ ಇದೆಯಂತೆ ಸರ್. ರೇಟು ಇಳಿಯಲ್ವಾ?

ಉತ್ತರ: ಸದ್ಯಕ್ಕೆ ಆ ಆಸೆ ಬೇಡ ತಮ್ಮಾ. 2024ರಲ್ಲಿ ಕೇಂದ್ರ ಸರ್ಕಾರ ರಾಜ್ಯಸಭೆಯಲ್ಲಿ ಹೇಳಿದ್ದು ಇಷ್ಟು: ಮಂಡ್ಯದ ಮರಳಗಾಲದಲ್ಲಿ 1,600 ಟನ್ ಗುರುತಿಸಿದ್ದಾರೆ, ಯಾದಗಿರಿಯಲ್ಲಿ ಪ್ರಾಥಮಿಕ ಸಮೀಕ್ಷೆ ಆಗಿದೆ. ಜಗತ್ತಿನ ಗಣಿಗಳಿಂದ ವರ್ಷಕ್ಕೆ ಒಂದೂವರೆ ಲಕ್ಷ ಟನ್ನಿಗೂ ಜಾಸ್ತಿ ಲಿಥಿಯಂ ಬರುತ್ತದೆ. ಕಲ್ಲಿನಿಂದ ತೆಗೆದು ಬ್ಯಾಟರಿಗೆ ಬೇಕಾದಷ್ಟು ಶುದ್ಧ ಮಾಡುವ ಕಾರ್ಖಾನೆಯೂ ಬೇಕು. ಅದಕ್ಕೇ ಉಪ್ಪಿನಲ್ಲೇ ಸಿಗುವ ಸೋಡಿಯಂ ಕಡೆ ನನ್ನ ಒಲವು ಜಾಸ್ತಿ.

ಪ್ರಶ್ನೆ (ಶಹಾಪುರ): ಹಳೇ ಬ್ಯಾಟರಿ ಗುಜರಿಗೆ ಹಾಕಲಾ ಸರ್?

ಉತ್ತರ: ಬೇಡ ಅಣ್ಣಾ. ಕೆಲವರು ಅದನ್ನು ಒಡೆದು ಆ್ಯಸಿಡ್ ಚರಂಡಿಗೆ ಸುರಿದು, ಸೀಸವನ್ನು ಬಯಲಲ್ಲೇ ಕರಗಿಸುತ್ತಾರೆ. ಆ ಹೊಗೆ, ಧೂಳು ಮಕ್ಕಳ ಮೆದುಳಿಗೆ ಕುತ್ತು. ಹೊಸದು ಕೊಡುವ ಅಂಗಡಿಗೇ ವಾಪಸ್ ಕೊಡಿ, ಬಿಲ್ಲಿನಲ್ಲಿ ಹಳೇದರ ದುಡ್ಡು ಕಳೆಸಿಕೊಳ್ಳಿ.