ಪಡುವಾರಹಳ್ಳಿ ಹತ್ತಿರದ ಮೇಲ್ಮನೆ ಸ್ಟೂಡೆಂಟ್ಸ್‌ಗೆ ಕೊಡಬೇಕು, ಏನೇನು ರೆಡಿ ಮಾಡಿಸಲಿ?

ಕೆಳಮನೆಯವರು:

ನಮಸ್ಕಾರ. ಮೈಸೂರಿನ ಪಡುವಾರಹಳ್ಳಿ ಪಕ್ಕದಲ್ಲಿ ನಮ್ಮ ಮನೆ. ಕೆಳಗೆ ನಾವಿದ್ದೇವೆ. ಮೇಲೆ ಎರಡು ರೂಮು, ಹಾಲ್, ಅಡುಗೆಮನೆ, ಒಂದೇ ಒಂದು ಬಚ್ಚಲು. ಇಷ್ಟು ವರ್ಷ ಒಂದು ಸಂಸಾರ ಇತ್ತು. ಅವರು ಬೋಗಾದಿ ಕಡೆ ಸ್ವಂತ ಮನೆ ಕಟ್ಟಿಕೊಂಡು ಹೋದರು. ಇಲ್ಲಿಂದ ಮೈಸೂರು ವಿಶ್ವವಿದ್ಯಾಲಯದ ಕ್ಯಾಂಪಸ್ ಮಾನಸಗಂಗೋತ್ರಿಗೆ ನಡೆದುಕೊಂಡೇ ಹೋಗಬಹುದು, ಹಾಗಾಗಿ ಈ ಸಲ ಓದೋ ಹುಡುಗರಿಗೋ ಹುಡುಗಿಯರಿಗೋ ಕೊಡೋಣ ಅಂತ ಮನೆಯಲ್ಲಿ ಮಾತಾಗಿದೆ.

ಪೇಂಟರ್ ಬಂದು ನೋಡಿ ಹಾಲ್‌ಗೆ ಪಿಒಪಿ ಸೀಲಿಂಗ್, ಒಂದು ಗೋಡೆಗೆ ಟೆಕ್ಸ್ಚರ್ ಪೇಂಟ್ ಮಾಡಿಸಿ, ಬೇಗ ಹೋಗುತ್ತೆ ಅಂತಾರೆ. ಮಗಳು ಮಾಡ್ಯುಲರ್ ಕಿಚನ್ ಅಂತಾಳೆ. ಇಷ್ಟೆಲ್ಲ ಬೇಕಾ? ಸ್ಟೂಡೆಂಟ್ಸ್ ನಿಜವಾಗಿ ಏನು ನೋಡುತ್ತಾರೆ? ಮಂಚ, ಹಾಸಿಗೆ ನಾವೇ ಕೊಡಬೇಕಾ? ಕರೆಂಟ್ ಬಿಲ್ ಹೇಗೆ? ಆಮೇಲೆ ಕಿರಿಕಿರಿ ಆಗದ ಹಾಗೆ ಮೊದಲೇ ಏನು ಮಾತಾಡಿಕೊಳ್ಳಬೇಕು ಅಂತಲೂ ತಿಳಿಸಿ.

ಗಂಗೋತ್ರಿ ಎಂಎಸ್ಸಿ:

ಸರ್, ಸೀಲಿಂಗ್ ಯಾರೂ ತಲೆ ಎತ್ತಿ ನೋಡಲ್ಲ. ಆ ದುಡ್ಡು ಉಳಿಸಿ.

ನಾವು ಮನೆ ನೋಡೋಕೆ ಬಂದರೆ ಏನು ಮಾಡುತ್ತೇವೆ ಹೇಳುತ್ತೇನೆ. ಒಬ್ಬ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ನೀರಿನ ರಭಸ ನೋಡುತ್ತಾನೆ, ಫ್ಲಶ್ ಎಳೆಯುತ್ತಾನೆ. ಇನ್ನೊಬ್ಬ ಒಳಗಿನ ರೂಮಿನಲ್ಲಿ ನಿಂತು ಮೊಬೈಲ್‌ಗೆ ಎಷ್ಟು ಕಡ್ಡಿ ಸಿಗುತ್ತೆ ಅಂತ ನೋಡುತ್ತಾನೆ. ಮೂರನೆಯವನು ಪ್ಲಗ್ ಪಾಯಿಂಟ್ ಎಣಿಸುತ್ತಾನೆ. ಹಳೆ ಮನೆಗಳಲ್ಲಿ ಇಡೀ ರೂಮಿಗೆ ಒಂದೇ ಪಾಯಿಂಟ್, ಅದೂ ಬಾಗಿಲ ಹಿಂದೆ. ಇಬ್ಬರಿಗೆ ಎರಡು ಲ್ಯಾಪ್‌ಟಾಪ್, ಎರಡು ಫೋನು, ಒಂದು ಟೇಬಲ್ ಲ್ಯಾಂಪ್. ಎಕ್ಸ್ಟೆನ್ಶನ್ ಬಾಕ್ಸ್ ಒಂದರ ಮೇಲೊಂದು ಸಿಕ್ಕಿಸಿಕೊಂಡು ಬದುಕಬೇಕು. ಮಂಚ ಬರುವ ಜಾಗದ ಪಕ್ಕ ಒಂದು, ಟೇಬಲ್ ಬರುವ ಜಾಗದಲ್ಲಿ ಒಂದು ಪಾಯಿಂಟ್ ಹಾಕಿಸಿದರೆ ಸಾಕು, ಅಷ್ಟಕ್ಕೇ ಅರ್ಧ ಮನಸ್ಸು ಮಾಡಿಬಿಡುತ್ತೇವೆ.

ಇನ್ನೊಂದು, ವೈಫೈ. ಫೈಬರ್ ಕನೆಕ್ಷನ್ ನೀವೇ ಹಾಕಿಸಿ ಬಾಡಿಗೆಯಲ್ಲೇ ಸೇರಿಸಿ. ರೂಟರ್ ಹಾಲ್ ಮಧ್ಯೆ ಇರಲಿ, ಕೆಳಗೆ ನಿಮ್ಮ ಮನೆಯಲ್ಲಿಟ್ಟು ಮೇಲಕ್ಕೆ ಸಿಗ್ನಲ್ ಬರುತ್ತೆ ಅಂದರೆ ಬರಲ್ಲ.

ನಾಲ್ಕು ಜನಕ್ಕೆ ಒಂದೇ ಬಚ್ಚಲು ಅಂದರೆ ಬೆಳಿಗ್ಗೆ ಕ್ಲಾಸ್ ಹೊತ್ತಿಗೆ ಯುದ್ಧವೇ. ಯುಟಿಲಿಟಿ ಕಡೆ ಪೈಪ್ ಲೈನ್ ಇದ್ದರೆ ಸಣ್ಣದೊಂದು ಟಾಯ್ಲೆಟ್ ಮಾಡಿಸೋಕೆ ಆಗುತ್ತಾ ನೋಡಿ, ಮಾಡ್ಯುಲರ್ ಕಿಚನ್‌ಗಿಂತ ಅದೇ ಮುಖ್ಯ. ನಾವು ಅಡುಗೆಮನೆಯಲ್ಲಿ ಮಾಡೋದು ಅನ್ನ, ಮೊಟ್ಟೆ, ಮ್ಯಾಗಿ ಅಷ್ಟೇ. ಮೊಟ್ಟೆ, ಮಾಂಸ ಆಗಲ್ಲ ಅನ್ನೋದಾದರೆ ಫೋನಿನಲ್ಲೇ ಹೇಳಿಬಿಡಿ, ಸುಮ್ನೆ ಬಂದು ವಾಪಸ್ ಹೋಗೋದು ಇಬ್ಬರಿಗೂ ಬೇಜಾರು.

ಸರಸ್ವತಿಪುರಂ ಓನರ್:

ಮೇಲಿನ ಹುಡುಗ ಹೇಳಿದ್ದು ಸರಿ. ನಾನು ಬಹಳ ವರ್ಷದಿಂದ ಸ್ಟೂಡೆಂಟ್ಸ್‌ಗೇ ಕೊಡುತ್ತಿದ್ದೇನೆ, ಕೊಡಗು, ಹಾಸನ, ಕೊಳ್ಳೇಗಾಲ, ಕೇರಳ, ಎಲ್ಲ ಕಡೆಯವರೂ ಇದ್ದು ಹೋಗಿದ್ದಾರೆ. ಮಂಚ, ಟೇಬಲ್, ಕುರ್ಚಿ, ಬೀಗ ಹಾಕೋ ಬೀರು, ತಲೆಗೊಂದೊಂದು ಕೊಡಿ. ಹಾಸಿಗೆ ಮಾತ್ರ ಬೇಡ. ಹಾಸಿಗೆ ಒಬ್ಬರಿಂದ ಒಬ್ಬರಿಗೆ ಕೊಡುವ ವಸ್ತು ಅಲ್ಲ, ತಿಗಣೆ ಒಂದು ಸಲ ಬಂತು ಅಂದರೆ ಗೋಡೆ ಬಿರುಕಿಗೂ ಸೇರಿಕೊಳ್ಳುತ್ತೆ. ಕಬ್ಬಿಣದ ಮಂಚ ತಗೊಳ್ಳಿ. ಕಿಟಕಿಗೆ ಸೊಳ್ಳೆ ಮೆಶ್, ಟೆರೇಸಿನಲ್ಲಿ ಬಟ್ಟೆ ಒಣಗಿಸೋಕೆ ತಂತಿ, ಗೇಟ್ ಒಳಗೆ ಬೈಕ್ ನಿಲ್ಲಿಸೋ ಜಾಗ. ಪೇಂಟ್ ತಿಳಿ ಬಣ್ಣದ್ದು, ಒರೆಸಿದರೆ ಕಲೆ ಹೋಗುವಂಥದ್ದು ಸಾಕು. ಟೆಕ್ಸ್ಚರ್ ಗೋಡೆಗೆ ಡಬಲ್ ಟೇಪ್ ಅಂಟಿಸಿ ಕಿತ್ತರೆ ಬಣ್ಣದ ಜೊತೆ ಪುಟ್ಟಿಯೂ ಬರುತ್ತೆ, ಹೇಳಿರುತ್ತೇನೆ.

ನೀರಿನ ಲೆಕ್ಕ ಹಾಕಿಕೊಳ್ಳಿ. ತಲೆಗೆ ದಿನಕ್ಕೆ 135 ಲೀಟರ್ ಅನ್ನೋದು ನಗರಗಳಿಗೆ ಸರ್ಕಾರ ಇಟ್ಟುಕೊಂಡಿರುವ ಲೆಕ್ಕ. ನಾಲ್ಕು ಜನ ಅಂದರೆ 540. ಮೇಲೆ 500 ಲೀಟರ್ ಟ್ಯಾಂಕ್ ಇದ್ದರೆ ದಿನಾ ಸಂಜೆ ನಿಮ್ಮ ಬಾಗಿಲು ಬಡಿದು ಮೋಟರ್ ಹಾಕಿ ಅಂಕಲ್ ಅಂತಾರೆ. 1000 ಲೀಟರಿನದು ಇಡಿ.

ಅಗ್ರಿಮೆಂಟ್ 11 ತಿಂಗಳಿಗೆ ಮಾಡಿಸಿ. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ರಿಜಿಸ್ಟರ್ ಮಾಡಿಸಲೇಬೇಕು, 1908ರ ನೋಂದಣಿ ಕಾಯ್ದೆ ಹಾಗೆ ಹೇಳುತ್ತೆ, ಅದಕ್ಕೇ ಎಲ್ಲರೂ 11ಕ್ಕೆ ನಿಲ್ಲಿಸೋದು. ಇರುವ ನಾಲ್ಕೂ ಜನರ ಹೆಸರು ಅದರಲ್ಲಿ ಬರಲಿ, ಬಾಡಿಗೆ ಇಡೀ ಮನೆಗೆ ಅಂತ ಬರೆಸಿ. ಇಲ್ಲದಿದ್ದರೆ ಮಧ್ಯದಲ್ಲಿ ಒಬ್ಬ ಬಿಟ್ಟು ಹೋದಾಗ ಅವನ ಪಾಲು ಯಾರು ಕೊಡಬೇಕು ಅಂತ ಶುರುವಾಗುತ್ತೆ. ಬಿಡುವಾಗ ಪೇಂಟಿಂಗ್‌ಗೆ ಅಂತ ಅಡ್ವಾನ್ಸಿನಲ್ಲಿ ಹಿಡಿದುಕೊಳ್ಳೋದಿದ್ದರೆ ಎಷ್ಟು ಅಂತ ಅದರಲ್ಲೇ ಬರೆಯಿರಿ. ಬರುವ ದಿನವೇ ಮನೆಯ ವಿಡಿಯೋ ಮಾಡಿ ಅವರಿಗೂ ಕಳಿಸಿ. ಜಗಳಕ್ಕೆ ಜಾಗವೇ ಇರಲ್ಲ.

ಕೆಲಸ ಬೇಗ ಮುಗಿಸಿ. ಪಿಯು ರಿಸಲ್ಟ್ ಬಂದ ಮೇಲೆ ಡಿಗ್ರಿಯವರು ಹುಡುಕುತ್ತಾರೆ, ಸಿಇಟಿ ಸೀಟ್ ಹಂಚಿಕೆ ಆದ ವಾರದಲ್ಲಿ ಇಂಜಿನಿಯರಿಂಗ್‌ನವರು ಅಪ್ಪ ಅಮ್ಮನ ಜೊತೆ ಬಂದು ಗಲ್ಲಿ ಗಲ್ಲಿ ತಿರುಗುತ್ತಾರೆ. ದಸರಾ ಹೊತ್ತಿಗೆ ಟು ಲೆಟ್ ಬೋರ್ಡ್ ಹಾಕಿದರೆ ಎಲ್ಲರೂ ಸೇರಿಕೊಂಡಾಗಿರುತ್ತೆ.

ವೈರಿಂಗ್ ಮಂಡ್ಯ:

ಪ್ಲಗ್ ಪಾಯಿಂಟ್ ಬಗ್ಗೆ ಒಂದು ಮಾತು, ಎಲೆಕ್ಟ್ರಿಷಿಯನ್ ನಾನು. ಸುಮ್ನೆ ಪಾಯಿಂಟ್ ಸಂಖ್ಯೆ ಹೆಚ್ಚಿಸಬೇಡಿ. ಹುಡುಗರು ಇಂಡಕ್ಷನ್ ಒಲೆ ತರೋದು ಗ್ಯಾರಂಟಿ. 2000 ವ್ಯಾಟ್‌ನದು ಹೆಚ್ಚುಕಡಿಮೆ 9 ಆಂಪಿಯರ್ ಎಳೆಯುತ್ತೆ, 6 ಆಂಪಿಯರ್ ಸಾಕೆಟ್‌ಗೆ ಅಡಾಪ್ಟರ್ ಹಾಕಿ ಸಿಕ್ಕಿಸಿದರೆ ಸಾಕೆಟ್ ಕರಗುತ್ತೆ. ಅಡುಗೆಮನೆಯಲ್ಲಿ 16 ಆಂಪಿಯರ್ ಪಾಯಿಂಟ್ ಎರಡು, ಗೀಸರ್‌ಗೆ ಬೇರೆಯೇ ಲೈನ್, ಅರ್ಥಿಂಗ್ ಚೆಕ್ ಮಾಡಿಸಿ, ಮೇನ್ ಬೋರ್ಡಿನಲ್ಲಿ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದ ತಕ್ಷಣ ಲೈನ್ ಕಡಿಯುವ ಸ್ವಿಚ್) ಹಾಕಿಸಿ. ಬಕೆಟ್‌ಗೆ ಕಾಯಿಲ್ ಇಳಿಬಿಟ್ಟು ಅದೇ ನೀರಿಗೆ ಕೈ ಹಾಕಿ ನೋಡುವವರು ಇದ್ದೇ ಇರುತ್ತಾರೆ, ಅವರನ್ನು ಉಳಿಸೋದು ಅದೇ.

ಗ್ಯಾಸ್ ಗೀಸರ್ ಅಗ್ಗ ಅಂತ ಬಚ್ಚಲೊಳಗೆ ಕೂರಿಸಲೇಬೇಡಿ. ಕಿಟಕಿ ಮುಚ್ಚಿದ ಬಚ್ಚಲಲ್ಲಿ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತೆ. ಅದಕ್ಕೆ ವಾಸನೆ ಇಲ್ಲ, ಒಳಗಿರುವವರಿಗೆ ಗೊತ್ತೇ ಆಗಲ್ಲ, ಜೀವ ಹೋಗುತ್ತೆ. ಸೋಲಾರ್ ಇದ್ದರೆ ಅದರ ಲೈನ್ ಮೇಲ್ಮನೆಗೂ ಕೊಡಿ.

ಮೇಲಿನ ಮನೆಗೆ ಬೇರೆ ಮೀಟರ್ ಇದೆಯಾ? ಇದ್ದರೆ ಬಾಡಿಗೆದಾರರೇ ಆಧಾರ್ ಕೊಟ್ಟು ಗೃಹಜ್ಯೋತಿಗೆ ಸೇರಬಹುದು. ಆದರೆ ತಿಂಗಳಿಗೆ 200 ಯೂನಿಟ್ ಪೂರ್ತಿ ಫ್ರೀ ಅಂತ ತಿಳಿಯಬೇಡಿ. ಹಳೆಯ ಬಳಕೆಯ ಸರಾಸರಿ ನೋಡಿ ಮಿತಿ ಹಾಕಿರುತ್ತಾರೆ, ಅದು ದಾಟಿದರೆ ಹೆಚ್ಚಾದದ್ದಕ್ಕೆ ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್. ಗೀಸರ್, ಇಂಡಕ್ಷನ್ ಎರಡೂ ಇದ್ದರೆ ದಾಟೋದು ಕಷ್ಟವೇನಲ್ಲ. ಬಿಟ್ಟು ಹೋಗುವಾಗ ಆಧಾರ್ ಡಿಲಿಂಕ್ ಮಾಡಿಸಿಕೊಳ್ಳಿ.

ಮಂಡ್ಯದ ಅಮ್ಮ:

ನನ್ನ ಮಗಳು ಮೊದಲ ವರ್ಷ ಮಂಡ್ಯದಿಂದಲೇ ಟ್ರೈನಲ್ಲಿ ಓಡಾಡಿದಳು. ದೂರ 45 ಕಿಲೋಮೀಟರ್ ಅಷ್ಟೇ, ಆದರೆ ಲ್ಯಾಬ್ ಇದ್ದ ದಿನ ರಾತ್ರಿ ಆಗುತ್ತಿತ್ತು, ಸಾಕಾಗಿ ಗೆಳತಿಯರ ಜೊತೆ ಮನೆ ಮಾಡಿದಳು. ಹುಡುಗಿಯರಿಗೆ ಕೊಡೋದಾದರೆ ಮೆಟ್ಟಿಲಿಗೆ ಲೈಟ್, ಪ್ರತಿ ರೂಮಿಗೂ ಒಳಗಿನಿಂದ ಗಟ್ಟಿ ಚಿಲಕ, ಬಚ್ಚಲ ಕಿಟಕಿಗೆ ಮಸುಕು ಗಾಜು. ಸಿಸಿ ಕ್ಯಾಮೆರಾ ಗೇಟಿಗೆ ಇರಲಿ, ಮೇಲ್ಮನೆ ಬಾಗಿಲಿಗೆ ಬೇಡ.

ಓನರ್‌ಗಳೆಲ್ಲ ಬೇಜಾರು ಮಾಡಿಕೊಳ್ಳಬೇಡಿ. ಡೂಪ್ಲಿಕೇಟ್ ಕೀ ಇದೆ ಅಂತ ಹೇಳದೆ ಕೇಳದೆ ಒಳಗೆ ಹೋಗಿ ನೋಡೋ ಅಭ್ಯಾಸ ಕೆಲವರಿಗೆ ಇರುತ್ತೆ. ಮಗಳ ಹಿಂದಿನ ಮನೆ ಬಿಟ್ಟಿದ್ದೇ ಅದಕ್ಕೆ. ಬರುವ ಮುಂಚೆ ಒಂದು ಮೆಸೇಜ್ ಹಾಕಿದರೆ ಏನು ಕಷ್ಟ?

ಸರಸ್ವತಿಪುರಂ ಓನರ್:

ಅಮ್ಮ, ಒಪ್ಪಿದೆ. ಆದರೆ ನೀರು ಸೋರಿ ಕೆಳಮನೆ ಸೀಲಿಂಗ್ ತೊಟ್ಟಿಕ್ಕುವಾಗ, ಅವರೆಲ್ಲ ಊರಿಗೆ ಹೋಗಿದ್ದರೆ, ಮೆಸೇಜ್‌ಗೆ ಉತ್ತರ ಕಾಯೋಕೆ ಆಗಲ್ಲ. ಅಂಥ ಹೊತ್ತಿಗೆ ಮಾತ್ರ ಒಳಗೆ ಹೋಗಬಹುದು ಅಂತ ಅಗ್ರಿಮೆಂಟಿನಲ್ಲೇ ಒಂದು ಸಾಲು ಬರೆಸಿದರೆ ಆಯಿತು.

ಕೆಳಮನೆಯವರು:

ಎಲ್ಲರಿಗೂ ಥ್ಯಾಂಕ್ಸ್. ಪಿಒಪಿ ಕ್ಯಾನ್ಸಲ್. ಮೀಟರ್ ಬೇರೆ ಇದೆ, ಟ್ಯಾಂಕ್ ಮಾತ್ರ 500 ಲೀಟರಿನದೇ, ಬದಲಾಯಿಸುತ್ತೇನೆ. ಯುಟಿಲಿಟಿಯಲ್ಲಿ ಟಾಯ್ಲೆಟ್ ಆಗುತ್ತಾ ಅಂತ ಪ್ಲಂಬರ್ ಭಾನುವಾರ ಬಂದು ನೋಡುತ್ತಾನೆ. ರಾತ್ರಿ ಗೇಟ್ 10ಕ್ಕೆ ಬೀಗ ಹಾಕೋ ಅಭ್ಯಾಸ ನಮ್ಮದು, ಅದು ನಡೆಯುತ್ತಾ?

ಗಂಗೋತ್ರಿ ಎಂಎಸ್ಸಿ:

ಬೀಗ ಹಾಕಿ ಸರ್, ಗೇಟಿನ ಒಂದು ಕೀ ನಮಗೂ ಕೊಡಿ. ಊರಿಂದ ಬರುವ ಬಸ್ಸು 10ಕ್ಕೇ ಸ್ಟ್ಯಾಂಡಿಗೆ ಬರಬೇಕು ಅಂತ ಏನಿಲ್ಲವಲ್ಲ. ಅಂದ ಹಾಗೆ ಬಾಡಿಗೆ ಎಷ್ಟು ಅಂತ ನೀವು ಹೇಳಲೇ ಇಲ್ಲ. ನಮ್ಮ ಜೂನಿಯರ್ಸ್ ನಾಲ್ಕು ಜನ ಹುಡುಕುತ್ತಿದ್ದಾರೆ.