ಅಪ್‌ಡೇಟ್: ಹಗ್ಗ ಕೆಲಸ ಮಾಡಿತು, ಬಾಯಿ ಇನ್ನೂ ಬಿಚ್ಚಿಲ್ಲ

ಧಾರವಾಡದಲ್ಲಿ ನಾನು ಫುಟ್‌ಬಾಲ್ ಕಲಿಸುವ ಹನ್ನೆರಡು ವರ್ಷದ ಹುಡುಗರು, ನಾಲ್ವರು ಡಿಫೆಂಡರ್‌ಗಳೂ ಸೇರಿ, ಚೆಂಡು ಕಂಡಲ್ಲಿಗೆ ನುಗ್ಗುತ್ತಾರೆ, ಏನು ಮಾಡಲಿ ಎಂದು ಕಳೆದ ತಿಂಗಳು ಕೇಳಿದ್ದೆ. ಹಗ್ಗ ಹಿಡಿಸಿ ಎಂದವರಿಗೆ ನಮಸ್ಕಾರ.

ನಾಲ್ವರ ಕೈಗೂ ಒಂದೇ ಹಗ್ಗ ಕೊಟ್ಟು, ಏಳೆಂಟು ಮೀಟರ್ ಅಂತರದಲ್ಲಿ ನಿಲ್ಲಿಸಿ, ಚೆಂಡು ಹೋದ ಕಡೆಗೆ ಒಟ್ಟಿಗೆ ಸರಿಯಲು ಹೇಳಿದೆ. ಮೊದಲ ದಿನ ಇಬ್ಬರು ಎರೆಮಣ್ಣಿನ ಕೆಸರಿನಲ್ಲಿ ಬಿದ್ದರು. ಬಟ್ಟೆ ಒಗೆಯುವ ತಾಯಂದಿರಿಂದ ಬೈಗುಳ ನನಗೆ. "ನಾಲ್ಕು ತಾಳಿನ ಕೂರಿಗೆಯಲ್ಲಿ ಒಂದೇ ತಾಳು ಮುಂದೆ ಓಡುತ್ತದೆಯೇ?" ಎಂದಾಗ ರೈತರ ಮನೆಯ ಹುಡುಗರು ನಕ್ಕರು (ಕೂರಿಗೆ ಎಂದರೆ ಸಾಲಾಗಿ ಬೀಜ ಬಿತ್ತುವ ಸಾಧನ, ತಾಳು ಅದರ ಕಾಲು). ಅಲ್ಲಿಂದ ಸಾಲು ನೇರವಾಯಿತು. ಆಮೇಲೆ ಹಗ್ಗ ತೆಗೆದು ಕೂರಿಗೆ ಮಾಡದ್ದನ್ನು ಕಲಿಸಿದೆ: ಚೆಂಡಿಗೆ ಹತ್ತಿರದವನು ಮುಂದೆ ಹೋಗಿ ಅಡ್ಡಗಟ್ಟಬೇಕು, ಉಳಿದ ಮೂವರು ಅವನ ಹಿಂದಿನ ಜಾಗ ಮುಚ್ಚಬೇಕು.

ಆಫ್‌ಸೈಡ್ ಬಲೆಯನ್ನು, ಅಂದರೆ ಡಿಫೆಂಡರ್‌ಗಳು ಒಟ್ಟಿಗೆ ಮುಂದೆ ಸರಿದು, ಪಾಸ್ ಆಗುವ ಹೊತ್ತಿಗೆ ಎದುರಾಳಿ ತಮ್ಮ ಹಿಂದೆ ಉಳಿದು ಆಫ್‌ಸೈಡ್ ಆಗುವಂತೆ ಮಾಡುವ ತಂತ್ರವನ್ನು, ಸದ್ಯಕ್ಕೆ ಕೈಬಿಟ್ಟಿದ್ದೇನೆ. ಥ್ರೋ-ಇನ್‌ನಿಂದ ನೇರವಾಗಿ ಬಂದ ಚೆಂಡಿಗೆ ಆಫ್‌ಸೈಡ್ ಇಲ್ಲ ಎಂಬುದನ್ನು ಮರೆತು ನಾಲ್ವರೂ ಆಫ್‌ಸೈಡ್ ಎಂದು ಕೈ ಎತ್ತಿ ನಿಂತರು, ಗೋಲು ಬಿದ್ದಿತು.

ಈಗಿನ ತಲೆನೋವು ಬೇರೆ. ಮೈದಾನದ ಹೊರಗೆ ಗಂಟಲು ಹರಿಯುವಂತೆ ಕೂಗುವವರು ಒಳಗೆ "ಮುಂದೆ ಬಾ" ಎಂದೂ ಹೇಳುವುದಿಲ್ಲ. ಇದಕ್ಕೆ ಯಾರ ಬಳಿಯಾದರೂ ಉಪಾಯವಿದೆಯೇ?