ಪದಚರ್ಚೆ: ‘ಚುಚ್ಚಿಸಿಕೊಂಡಳು’, ‘ಚುಚ್ಚಿಕೊಂಡಳು’ ಮತ್ತು ‘ಆತ್ಮಹಾನಿ’

ಬಳಗದ ಎಲ್ಲರಿಗೂ ನಮಸ್ಕಾರ.

ಗಂಗಾವತಿ ಕಡೆಯ ಒಂದು ಪ್ರೌಢಶಾಲೆಯವರು ಪಾಲಕರಿಗೆ ಹಂಚಲು ನಾಲ್ಕು ಪುಟದ ಕರಪತ್ರ ಬರೆದು, ಕಾಗುಣಿತ ನೋಡಿಕೊಡಿ ಎಂದು ನನಗೆ ಕಳಿಸಿದ್ದಾರೆ. ಹದಿಹರೆಯದ ಮಕ್ಕಳು ಸಂಕಟ ತಾಳಲಾರದೆ ತಮ್ಮ ಮೈಗೆ ತಾವೇ ಗಾಯ ಮಾಡಿಕೊಳ್ಳುವ ವಿಷಯ ಅದು. ಇಂಗ್ಲಿಷಿನ ‘ಸೆಲ್ಫ್ ಹಾರ್ಮ್’ ಅವರ ಕೈಯಲ್ಲಿ ‘ಆತ್ಮಹಾನಿ’ ಆಗಿದೆ. ಕಾಗುಣಿತ ಸರಿಯಾಗಿಯೇ ಇತ್ತು. ನಾನು ಎಡವಿದ್ದು ಎರಡನೆಯ ಪುಟದ ಈ ಸಾಲಿನಲ್ಲಿ: ‘ಹಚ್ಚೆ ಹಾಕಿಸಿಕೊಳ್ಳುವುದು, ಮೈ ಚುಚ್ಚಿಸಿಕೊಳ್ಳುವುದು, ಕೈ ಕುಯ್ದುಕೊಳ್ಳುವುದು ಮುಂತಾದ ಆತ್ಮಹಾನಿಯ ಲಕ್ಷಣಗಳು ಕಂಡರೆ...’

ಗಟ್ಟಿಯಾಗಿ ಓದುತ್ತಿದ್ದೆ. ಪಕ್ಕದಲ್ಲಿ ಶೇಂಗಾ ಸುಲಿಯುತ್ತಿದ್ದ ನಮ್ಮ ಅತ್ತೆ ಕೈ ನಿಲ್ಲಿಸಿ, ‘ಹಾಗಾದರೆ ನನ್ನದೂ ಅದೇ ಏನವ್ವಾ?’ ಎಂದು ಮುಂಗೈ ಚಾಚಿದರು. ಒಂದು ಚೇಳು, ಒಂದು ತುಳಸಿಕಟ್ಟೆ, ಅಣ್ಣನ ಹೆಸರಿನ ಎರಡು ಅಕ್ಷರ. ಚರ್ಮ ಸುಕ್ಕಾಗಿ ಚೇಳಿನ ಕೊಂಡಿ ಪಕ್ಕಕ್ಕೆ ಎಳೆದುಕೊಂಡಿದೆ, ಕಪ್ಪು ಹೋಗಿ ಹಸಿರಿಗೆ ತಿರುಗಿದೆ. ಮದುವೆಗೆ ಮುಂಚೆ ಕೊರವಂಜಿಯ ಮುಂದೆ ಕುಳಿತು ಹಾಕಿಸಿಕೊಂಡದ್ದು. ಅತ್ತರಂತೆ, ತಾಯಿ ಕೈ ಒತ್ತಿ ಹಿಡಿದಿದ್ದರಂತೆ, ಆಮೇಲೆ ಅರಿಶಿನ ಹಚ್ಚಿದರಂತೆ. ‘ಸತ್ತಾಗ ಬಂಗಾರ ಬಿಚ್ಚಿಕೊಳ್ಳುತ್ತಾರೆ, ಇದನ್ನು ಯಾರು ಬಿಚ್ಚುತ್ತಾರೆ?’ ಎನ್ನುವುದು ಅವರ ಲೆಕ್ಕ. (ಹಚ್ಚೆ ಎಂದರೆ ಪಚ್ಚೆಯೇ, ಪಕಾರ ಹಕಾರವಾದದ್ದು. ಬಳ್ಳಾರಿಯ ತೆಲುಗು ಮನೆಗಳಲ್ಲಿ ಈಗಲೂ ‘ಪಚ್ಚಬೊಟ್ಟು’. ಹೆಸರಿಟ್ಟವರು ಹೊಸ ಹಚ್ಚೆಯನ್ನಲ್ಲ, ಅತ್ತೆಯ ಕೈಯಂಥ ಹಳೆಯ ಹಚ್ಚೆಯನ್ನು ನೋಡಿರಬೇಕು ಎಂದು ನನಗೆ ಅನ್ನಿಸುತ್ತದೆ.)

ಆ ಸಾಲನ್ನು ಮತ್ತೆ ನೋಡಿದಾಗ ಕಂಡದ್ದು ಒಂದು ಪ್ರತ್ಯಯ. ಹಾಕಿಸಿಕೊಳ್ಳುವುದು, ಚುಚ್ಚಿಸಿಕೊಳ್ಳುವುದು, ಇವೆರಡರ ಒಳಗೂ ‘ಇಸು’ ಕೂತಿದೆ. ‘ಕುಯ್ದುಕೊಳ್ಳುವುದು’ ಎಂಬಲ್ಲಿ ಅದಿಲ್ಲ. ‘ಇಸು’ ಇದ್ದಲ್ಲಿ ಇನ್ನೊಬ್ಬರ ಕೈ ಇದೆ. ಕೊರವಂಜಿಯೋ ಅಕ್ಕಸಾಲಿಗನೋ ಎದುರಿಗಿರುತ್ತಾರೆ, ನೋಡುವವರು ಇರುತ್ತಾರೆ, ಕೊಟ್ಟ ಅಕ್ಕಿಗೋ ದುಡ್ಡಿಗೋ ಲೆಕ್ಕವಿರುತ್ತದೆ. ಆಮೇಲೆ ಮೈಯನ್ನು ತೋರಿಸುತ್ತಾರೆ. ‘ಇಸು’ ಬಿಟ್ಟುಹೋದಲ್ಲಿ ಕೈಯೂ ಒಂದೇ, ಮೈಯೂ ಒಂದೇ. ಅದನ್ನು ಮುಚ್ಚಿಡುತ್ತಾರೆ, ಬೇಸಿಗೆಯಲ್ಲೂ ಉದ್ದ ತೋಳು ತೊಡುತ್ತಾರೆ.

ಇಷ್ಟಕ್ಕೇ ನಿಯಮ ಸಿಕ್ಕಿತು ಎಂದು ಹಿಗ್ಗಿದ್ದೆ, ಅದು ಸಂಜೆಯವರೆಗೂ ಉಳಿಯಲಿಲ್ಲ. ವೀರಭದ್ರನ ಜಾತ್ರೆಯಲ್ಲಿ ಭಕ್ತರು ಕೆನ್ನೆಗೆ ಶಸ್ತ್ರ ‘ಹಾಕಿಸಿಕೊಳ್ಳುತ್ತಾರೆ’, ಆದರೆ ಒಡಪು ಹೇಳಿ ಕುಣಿಯುವ ಪುರವಂತರು ‘ಹಾಕಿಕೊಳ್ಳುತ್ತಾರೆ’ ಎಂದೂ ಹೇಳುವುದನ್ನು ಕೇಳಿದ್ದೇನೆ. ಮೊಹರಮ್ಮಿನಲ್ಲಿ ಕೆಂಡ ‘ಹಾಯುತ್ತಾರೆ’. ಬೆನ್ನಿಗೆ ಕೊಕ್ಕೆ ಸಿಕ್ಕಿಸಿಕೊಂಡು ತೂಗುತ್ತಿದ್ದ ಹಳೆಯ ಹರಕೆಗೆ ಸಿಡಿ ‘ಆಡುವುದು’ ಎಂಬ ಮಾತಿತ್ತು. ಬಳ್ಳಾರಿಯ ಕನಕದುರ್ಗಮ್ಮನ ಸಿಡಿಬಂಡಿ ಉತ್ಸವದ ಹೆಸರಿನಲ್ಲಿ ಆ ಸಿಡಿ ಇನ್ನೂ ಉಳಿದಿದೆ. ಹಾಯುವುದು, ಆಡುವುದು: ಮೈ ನೊಂದರೂ ಕ್ರಿಯಾಪದದಲ್ಲಿ ನೋವಿಲ್ಲ. ಇನ್ನೊಂದು ಕಡೆ, ಹುಡುಗಿಯ ಹೆಸರನ್ನು ಮುಂಗೈಯಲ್ಲಿ ತಾನೇ ಕೊರೆದುಕೊಂಡ ಹುಡುಗ ಅದನ್ನು ಓಣಿಗೆಲ್ಲ ತೋರಿಸುತ್ತಾನೆ. ಅಲ್ಲಿ ‘ಇಸು’ವೂ ಇಲ್ಲ, ಮುಚ್ಚುಮರೆಯೂ ಇಲ್ಲ. ಅದನ್ನು ಎಲ್ಲಿಡುವುದು?

ವೈದ್ಯರೂ ಇದೇ ಗಡಿಯಲ್ಲಿ ತಡಕಾಡಿದ್ದಾರೆ. ಅಮೆರಿಕದ ಮನೋವೈದ್ಯ ಅರ್ಮಾಂಡೋ ಫವಾಜಾ ಸಮಾಜ ಒಪ್ಪಿದ್ದನ್ನು ಒಂದು ಕಡೆ, ಒಪ್ಪದ್ದನ್ನು ಇನ್ನೊಂದು ಕಡೆ ಇಟ್ಟು, ಒಪ್ಪಿದ್ದರಲ್ಲೇ ಆಚರಣೆ ಬೇರೆ, ಅಲಂಕಾರದಂಥ ರೂಢಿ ಬೇರೆ ಎಂದರು. ನಮ್ಮ ಮಾತಿನಲ್ಲಿ ಹರಕೆ ಮತ್ತು ಸಿಂಗಾರ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ಮನೋರೋಗಗಳ ಕೈಪಿಡಿಯ ಐದನೆಯ ಆವೃತ್ತಿಯಲ್ಲಿ, ಸಾಯುವ ಉದ್ದೇಶವಿಲ್ಲದೆ ಗಾಯ ಮಾಡಿಕೊಳ್ಳುವುದನ್ನು ಇನ್ನೂ ಅಧ್ಯಯನ ಆಗಬೇಕಾದ ಸ್ಥಿತಿಗಳ ಸಾಲಿಗೆ ಸೇರಿಸಿ, ಹಚ್ಚೆ, ಮೈ ಚುಚ್ಚಿಸುವುದು, ಧಾರ್ಮಿಕ ಆಚರಣೆ ಇವು ಇದರಲ್ಲಿ ಬರುವುದಿಲ್ಲ ಎಂದು ಬಿಡಿಸಿ ಹೇಳಿದ್ದಾರೆ. ಅಂದರೆ ಕರಪತ್ರದ ಸಾಲು ವೈದ್ಯರ ಲೆಕ್ಕದಲ್ಲೂ ತಪ್ಪು. ಆದರೆ ‘ಸಮಾಜ ಒಪ್ಪಿದ್ದು’ ಎಂಬ ಅಳತೆಗೋಲು ನನಗೆ ಪೂರ್ತಿ ಸಮಾಧಾನ ಕೊಡಲಿಲ್ಲ. ಅತ್ತೆಯ ಚೇಳನ್ನು ಒಪ್ಪಿದ ಓಣಿಯೇ ನನ್ನ ಮಗ ಹೊಸಪೇಟೆಯಲ್ಲಿ ಹಾಕಿಸಿಕೊಂಡು ಬಂದ ಟ್ಯಾಟೂವನ್ನು ನೋಡಿ ಹುಡುಗ ಕೆಟ್ಟ ಎಂದಿತು.

ಗಾದೆಗೆ ಈ ಗೊಂದಲ ಮೊದಲೇ ಗೊತ್ತಿತ್ತೇನೋ. ಹುಲಿಯನ್ನು ನೋಡಿ ನರಿ ‘ಬರೆ ಹಾಕಿಕೊಂಡಂತೆ’ ಎನ್ನುವವರಿದ್ದಾರೆ, ‘ಮೈ ಸುಟ್ಟುಕೊಂಡಂತೆ’ ಎನ್ನುವವರೂ ಇದ್ದಾರೆ. ಅದೇ ನರಿ, ಅದೇ ಕಾಸಿದ ಕಬ್ಬಿಣ. ಮೊದಲನೆಯದು ನರಿ ಬಯಸಿದ್ದನ್ನು ಹೇಳುತ್ತದೆ, ಎರಡನೆಯದು ನಾವು ಕಂಡದ್ದನ್ನು.

ಇನ್ನು ಪದ. ‘ದೇಹ ಮಾರ್ಪಾಡು’ ಎಂದು ಕರಪತ್ರದವರು ಹಚ್ಚೆ, ಮೂಗುಬೊಟ್ಟುಗಳಿಗೆಲ್ಲ ಒಂದೇ ಹೆಸರು ಕೊಟ್ಟಿದ್ದಾರೆ. ಅದಿರು ಲಾರಿಗೆ ಬಾಡಿ ಕಟ್ಟಿಸಿದಂತೆ ಕೇಳಿಸುತ್ತದೆ, ಹೊಡೆದುಹಾಕಿದೆ. ‘ಆತ್ಮಹಾನಿ’ಯ ತೊಂದರೆ ಹೆಚ್ಚಿನದು. ನಮ್ಮ ಭಾಗದಲ್ಲಿ ಹಾನಿ ಎಂದರೆ ಬೆಳೆಹಾನಿ, ಪರಿಹಾರದ ಅರ್ಜಿ. ಅದಕ್ಕೆ ‘ಆತ್ಮ’ ಸೇರಿದೊಡನೆ ಕಿವಿ ‘ಆತ್ಮಹತ್ಯೆ’ ಎಂದೇ ಕೇಳಿಸಿಕೊಳ್ಳುತ್ತದೆ. ಇವೆರಡೂ ಒಂದಲ್ಲ, ಆದರೂ ಹೀಗೆ ಗಾಯ ಮಾಡಿಕೊಳ್ಳುವ ಮಕ್ಕಳಿಗೆ ಆ ಅಪಾಯ ಉಳಿದವರಿಗಿಂತ ಹೆಚ್ಚು. ಹಾಗಾಗಿ ಪದ ಹೆದರಿಸಬಾರದು, ಹಗುರ ಮಾಡಲೂಬಾರದು. ಬರೀ ‘ಕುಯ್ದುಕೊಂಡಳು’ ಎಂದರೂ ಸಾಲದು. ‘ಕಾಲು ಮುರಿದುಕೊಂಡ’ ಎನ್ನುವಾಗ ಯಾರೂ ಬೇಕೆಂದು ಮುರಿದುಕೊಂಡಿರುವುದಿಲ್ಲ. ನಮ್ಮ ‘ಕೊಳ್ಳು’ ಬೇಕೆಂದು ಮಾಡಿದ್ದಕ್ಕೂ ಕೈತಪ್ಪಿ ಆದದ್ದಕ್ಕೂ ಒಂದೇ. ಒಬ್ಬ ತಂದೆ ‘ಈರುಳ್ಳಿ ಹೆಚ್ಚುವಾಗ ಕುಯ್ದುಕೊಂಡಳು ಸಾರ್’ ಎಂದಾಗ ಮೇಷ್ಟ್ರು ಮುಂದೆ ಕೇಳಲಾಗದೆ ಸುಮ್ಮನಾದದ್ದು ನನಗೆ ಗೊತ್ತು. ವ್ಯಾಕರಣವೇ ಸೆರಗು ಹೊದಿಸಿತ್ತು.

ಅತ್ತೆಯನ್ನೇ ಕೇಳಿದೆ. ಶೇಂಗಾದ ಸಿಪ್ಪೆ ಕೊಡವುತ್ತಾ, ‘ಸಂಕಟವನ್ನು ಮೈಮೇಲೆ ತೀರಿಸಿಕೊಳ್ಳುವುದು ಅನ್ನು’ ಎಂದರು. ಅರ್ಥ ಸರಿಯಾಗಿದೆ, ಶೀರ್ಷಿಕೆಗೆ ಉದ್ದ. ‘ಸ್ವಗಾಯ’ ಬಾಯಿಗೆ ಒಗ್ಗುವುದಿಲ್ಲ. ಸದ್ಯಕ್ಕೆ ‘ತಾನೇ ಗಾಯ ಮಾಡಿಕೊಳ್ಳುವುದು’ ಎಂದು ಬಿಡಿಸಿ ಬರೆದಿದ್ದೇನೆ.

ರಾಯಚೂರು, ಸಿಂಧನೂರು, ಸಂಡೂರಿನ ಕಡೆಯವರು ದಯವಿಟ್ಟು ಹೇಳಿ: ನಿಮ್ಮ ಮನೆಗಳಲ್ಲಿ ಇದಕ್ಕೆ ಏನನ್ನುತ್ತಾರೆ? ‘ಇಸು’ ಇಲ್ಲದೆಯೂ ಬೇಕೆಂದು ಮಾಡಿಕೊಂಡದ್ದು ಎಂದು ತಿಳಿಯುವ, ಆದರೆ ಬೈಗುಳವಾಗದ ಕ್ರಿಯಾಪದ ಇದೆಯೇ? ಕರಪತ್ರ ಸೋಮವಾರ ಅಚ್ಚಿಗೆ ಹೋಗುತ್ತದೆ. ಕೊನೆಯ ಪುಟದಲ್ಲಿ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಸಂಖ್ಯೆ ದೊಡ್ಡಕ್ಷರದಲ್ಲಿದೆ, ಅದರ ಮೇಲಿನ ಒಂದು ಸಾಲನ್ನು ಖಾಲಿ ಬಿಡಿಸಿದ್ದೇನೆ.